ಗೋಡೆಯಾಚೆ ಕೇಳಿಸಿದ್ದು

ನಗು ಇನ್ನೂ ನಿಂತಿರಲಿಲ್ಲ. ರೂಡಿ ಝೂಪಾನ್ ಮೇಜಿಗೆ ಅಂಗೈ ಬಡಿದು ಬಡಿದು ನಗುತ್ತಿದ್ದ, ಕಾಫಿ ಯಂತ್ರದ ಹತ್ತಿರ ನಿಂತಿದ್ದ ಇಬ್ಬರು ಹೊಸ ಟೀಚರುಗಳು ನಗಬಾರದು ಅಂದುಕೊಂಡೂ ನಗುತ್ತಿದ್ದರು. ಮಾರ್ಲಿಸ್ ಕೋಸ್ಕೆಲಾ ತಾನೂ ನಗುತ್ತ ಸೂಪಿನ ಚಮಚಕ್ಕೆ ಬಗ್ಗಿದಳು. ಬಗ್ಗಿದಾಗ ಕೊರಳ ದಾರದಲ್ಲಿ ತೂಗುತ್ತಿದ್ದ ಮೈಕು ಬಟ್ಟಲಿನ ಅಂಚಿಗೆ ತಾಗಿ ಟಣ್ ಎಂದಿತು. ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕದು ಅದು. ಅದರ ಮೂಲೆಯಲ್ಲೊಂದು ದೀಪ. ಈ ಹೊತ್ತಿನಲ್ಲಿ ಅದು ಕೆಂಪಗಿರಬೇಕಾಗಿತ್ತು. ಹಸಿರಾಗಿತ್ತು.

ಗುಂಡಿ ಒತ್ತಿದಳು. ದೀಪ ಕೆಂಪಾಯಿತು. ಒತ್ತಿದ ಬೆರಳನ್ನು ತೆಗೆಯಲು ಮಾತ್ರ ಧೈರ್ಯವಾಗಲಿಲ್ಲ. ‘ಏನಾಯ್ತೇ, ನಾಲಿಗೆ ಸುಟ್ಕೊಂಡ್ಯಾ?’ ಎಂದ ರೂಡಿ, ಕಣ್ಣೊರೆಸಿಕೊಳ್ಳುತ್ತ. ಪಕ್ಕದ ಐದನೆಯ ತರಗತಿಯ ಮೇಷ್ಟ್ರು, ಹದಿನೆಂಟು ವರ್ಷದಿಂದ ಇದೇ ಮೇಜಿನಲ್ಲಿ ಎದುರಿಗೆ ಕೂತು ಉಂಡವನು, ಮುಖ ನೋಡಿದರೆ ಸಾಕು ಕಂಡುಹಿಡಿಯುತ್ತಾನೆ ಎಂದು ಅವಳು ತಲೆ ಎತ್ತಲಿಲ್ಲ. ‘ಹೂಂ, ಸೂಪು ಬಿಸಿ,’ ಎಂದಳು. ಸೂಪು ಆಗಲೇ ಆರಿ, ಮೇಲೆ ಕೆನೆ ಕಟ್ಟಿತ್ತು. ಆ ಟಣ್ ಎಂಬ ಸದ್ದು ಕೂಡ ಹೋಗಿರುತ್ತದೆ, ಎಂದು ಅವಳಿಗೆ ಹೊಳೆಯಿತು. ಮಾತೆಲ್ಲ ಮುಗಿದು, ನಗು ಮುಗಿಯುವ ಮುಂಚೆ, ಚಮಚ ಬಟ್ಟಲಿನ ಸದ್ದು. ಕೊಂದವರು ಕೈ ತೊಳೆದುಕೊಳ್ಳುವಾಗ ಆಗುವ ಸದ್ದು ಇದ್ದ ಹಾಗೆ.

ಆ ಮೈಕಿನಲ್ಲಿ ಆಡಿದ್ದು ನಾಲ್ಕನೆಯ ತರಗತಿಯ ಐಲಿ ಲಾಂಪಿಯ ಶ್ರವಣಯಂತ್ರಗಳ ಮೂಲಕ ಅವಳ ಎರಡೂ ಕಿವಿಯೊಳಕ್ಕೆ ನೇರ ಹೋಗುತ್ತದೆ. ಕೋಣೆಯ ಗದ್ದಲ, ಕುರ್ಚಿಯ ಕಿರುಗುಟ್ಟುವಿಕೆ, ಇಪ್ಪತ್ತೈದು ಮಕ್ಕಳ ಕೆಮ್ಮು, ಯಾವುದೂ ಅಡ್ಡ ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ಜಿಲ್ಲೆಯ ಶ್ರವಣ ತಜ್ಞ ಬೆಲಾಂಜೆ ಇದನ್ನು ಅವಳ ಕೊರಳಿಗೆ ಹಾಕಿದಾಗ, ‘ಬಿಡುವಾದ ತಕ್ಷಣ ಗುಂಡಿ ಒತ್ತಿಬಿಡಿ ಮೇಡಂ. ಪ್ರತಿಯೊಬ್ಬ ಟೀಚರೂ ಒಂದಲ್ಲ ಒಂದಿನ ಇದನ್ನ ಹಾಕ್ಕೊಂಡೇ ಬಾತ್‌ರೂಮಿಗೆ ಹೋಗ್ತಾರೆ,’ ಎಂದಿದ್ದ. ಎಲ್ಲರೂ ನಕ್ಕಿದ್ದರು. ಮಾರ್ಲಿಸ್ ನಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿದವಳು, ಒಂದು ದಿನವೂ ಹಾಜರಿ ತಪ್ಪಿ ಬರೆದವಳಲ್ಲ, ಒಂದು ಗುಂಡಿ ಮರೆಯುತ್ತಾಳೆಯೇ? ನಾಲ್ಕು ತಿಂಗಳು ಮರೆಯಲಿಲ್ಲ. ಮರೆಯಲಿಲ್ಲವೆಂದು ಅವಳು ತಿಳಿದಿದ್ದಳು. ಈಗ ಅದೂ ಖಚಿತವಿಲ್ಲ. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಅವಳು ಶೌಚಾಲಯದ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಅತ್ತಿದ್ದಳು, ಕಾರಣ ಏನೋ ಮನೆಯದು. ಆ ದಿನ ದೀಪ ಯಾವ ಬಣ್ಣದ್ದಿತ್ತು?

ರೂಡಿ ಕೇಳಿದ್ದು ಇಷ್ಟೇ. ‘ಇವತ್ತಿನ ಮೀಟಿಂಗಲ್ಲಿ ಏನು ಹೇಳ್ತೀಯ? ಆ ಹುಡುಗಿ ಇಲ್ಲೇ ಇರೋದೋ, ಆ ದೂರದ ಕಿವುಡರ ಶಾಲೆಗೋ?’ ‘ಇಲ್ಲೇ ಇರ್ಲಿ ಅಂತೀನಿ,’ ಎಂದಿದ್ದಳು. ‘ಎಲ್ಲರೆದುರಿಗೆ ಇನ್ನೇನು ಹೇಳಕ್ಕಾಗತ್ತೆ?’ ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸೂಪು ರುಚಿಯಾಗಿತ್ತು, ಕೋಣೆ ಬೆಚ್ಚಗಿತ್ತು, ಮೂರು ಜನ ಅವಳ ಮಾತು ಕೇಳುತ್ತಿದ್ದರು. ‘ನಿಜ ಹೇಳ್ಲಾ ರೂಡಿ? ಆ ಹುಡುಗಿ ಹೋದ್ರೆ ನಾನು ಉಸಿರಾಡ್ತೀನಿ. ಕೆಲವು ದಿನ ಅವಳು ಕೈ ಎತ್ತಿದ್ರೂ ಕಾಣದ ಹಾಗೆ ಇದ್ದುಬಿಡ್ತೀನಿ.’ ಆಮೇಲೆ ಅದು. ಯಾರೂ ಕೇಳಿರಲಿಲ್ಲ. ತಾನೇ ಕೈ ಎತ್ತಿ, ಕೆಳತುಟಿ ಮುಂದೆ ಮಾಡಿ, ಅರ್ಧ ಅಕ್ಷರಗಳನ್ನು ನುಂಗಿ ಉಳಿದದ್ದನ್ನು ಮೂಗಿನಲ್ಲಿ ಎಳೆಯುತ್ತ ಐಲಿಯ ಹಾಗೆಯೇ ಹೇಳಿ ತೋರಿಸಿದ್ದಳು: ನನಗೆ ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ. ಎಷ್ಟು ಚೆನ್ನಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಗಿತ್ತು. ಅಷ್ಟು ಚೆನ್ನಾಗಿ ಬರಬೇಕಾದರೆ ಎಷ್ಟು ದಿನದಿಂದ ಒಳಗೊಳಗೇ ಅಭ್ಯಾಸ ಮಾಡುತ್ತಿದ್ದಿರಬೇಕು.

ಬೇರೆ ದಿನವಾಗಿದ್ದರೆ ಮಕ್ಕಳು ಊಟ ಮುಗಿಸಿ ಅಂಗಳದಾಚೆಯ ಮಂಜಿನ ಗುಡ್ಡೆಯ ಮೇಲೆ ಆಡುತ್ತಿರುತ್ತಿದ್ದರು, ಅಲ್ಲಿಯವರೆಗೆ ಮೈಕು ಮುಟ್ಟುವುದಿಲ್ಲ. ಇವತ್ತು ಬೆಳಿಗ್ಗೆಯಿಂದ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ, ಕಾರಿನ ಬಾಗಿಲೇ ಹೆಪ್ಪುಗಟ್ಟಿ ಒದ್ದು ತೆಗೆಯಬೇಕಾಗಿತ್ತು. ಇಂಥ ದಿನ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ತರಗತಿಯಲ್ಲೇ ಆಟ. ಅವಳ ತರಗತಿ ಇರುವುದು ಈ ಗೋಡೆಯ ಆಚೆ. ಈ ತಿಂಗಳ ಊಟದ ಪಟ್ಟಿ ಅಂಟಿಸಿದ ಹಳದಿ ಗೋಡೆ, ಒಂದೇ ಒಂದು. ಅವಳು ಅದನ್ನು ನೋಡುತ್ತಿದ್ದಳು. ಗುರುವಾರ, ಟೇಟರ್ ಟಾಟ್ ಹಾಟ್‌ಡಿಶ್. ಶುಕ್ರವಾರ, ಮೀನಿನ ಕಡ್ಡಿ. ಗೋಡೆ ದಪ್ಪವೇ ಇರಬಹುದು. ಈ ಊರಿನವರು ಚಳಿಗೆ ಹೆದರಿ ಗೋಡೆಗಳನ್ನು ದಪ್ಪಗೆ ಕಟ್ಟುತ್ತಾರೆ. ಆದರೆ ಬೆಲಾಂಜೆ ಹೇಳಿದ್ದು ನೆನಪಾಯಿತು, ಗೋಡೆಗೆಲ್ಲ ಇದು ಹೆದರೋದಿಲ್ಲ ಮೇಡಂ.

ತರಗತಿಗೆ ಹತ್ತೇ ಹೆಜ್ಜೆ. ಬಾಗಿಲಿನ ಗಾಜಿನಲ್ಲಿ ಇಣುಕಿದಳು, ತನ್ನದೇ ತರಗತಿಗೆ ಕಳ್ಳಿಯ ಹಾಗೆ. ಕೆಲವರು ಚೆಕರ್ಸ್ ಆಡುತ್ತಿದ್ದರು, ಕೆಲವರು ಒಬ್ಬರ ಮೇಲೊಬ್ಬರು ಬಿದ್ದು ಜಗಳವಾಡುತ್ತಿದ್ದರು. ಐಲಿ ಕಿಟಕಿಯ ಬಳಿಯ ತನ್ನ ಜಾಗದಲ್ಲಿ ಒಬ್ಬಳೇ ಕೂತು ಕಾಗದ ಕತ್ತರಿಸುತ್ತಿದ್ದಳು. ಗಲ್ಲದವರೆಗೆ ಕತ್ತರಿಸಿದ ಬಿಳಿಗೂದಲು, ಎರಡೂ ಕಿವಿಯ ಹಿಂದೆ ನೇರಳೆ ಬಣ್ಣದ ಯಂತ್ರ. ಆ ಬಣ್ಣ ಅವಳೇ ಆರಿಸಿಕೊಂಡಿದ್ದು. ಅತ್ತ ಹಾಗೆ ಕಾಣಲಿಲ್ಲ. ಮಾರ್ಲಿಸ್‌ಗೆ ಒಂದು ಕ್ಷಣ ಜೀವ ಬಂದಂತಾಯಿತು. ಮರುಕ್ಷಣ, ಅಳದೆ ಇರುವುದೇ ಕೇಳಿಸಿಕೊಂಡದ್ದರ ಗುರುತಿರಬಹುದು ಅನ್ನಿಸಿತು. ಒಬ್ಬಳೇ ಕೂತಿದ್ದಾಳೆ. ಆದರೆ ಅವಳು ದಿನಾ ಒಬ್ಬಳೇ ಕೂರುತ್ತಾಳೆ. ದಿನಾ ಕೂರುತ್ತಾಳಾ? ಇದನ್ನು ತಾನು ಯಾವತ್ತು ಸರಿಯಾಗಿ ನೋಡಿದ್ದೆ?

ಒಳಗೆ ಹೋಗಿ ಗುಂಡಿ ಒತ್ತಿದಳು, ಹಸಿರು. ‘ಎಲ್ಲರೂ ಜಾಗಕ್ಕೆ ಬನ್ನಿ ಮಕ್ಕಳೇ, ಭಿನ್ನರಾಶಿ ಪುಸ್ತಕ ತೆಗೀರಿ,’ ಎಂದಳು. ತನ್ನ ದನಿ ತನಗೇ ಸಿಹಿ ಹೆಚ್ಚಾದ ಪಾಯಸದ ಹಾಗೆ ಕೇಳಿಸಿತು. ಐಲಿ ಪುಸ್ತಕ ತೆಗೆದಳು. ಎಲ್ಲರಿಗಿಂತ ಮೊದಲು ತೆಗೆದಳು, ಯಾವಾಗಲೂ ಹಾಗೆಯೇ, ಏಕೆಂದರೆ ಟೀಚರ ಮಾತು ಎಲ್ಲರಿಗಿಂತ ಮೊದಲು ಅವಳಿಗೆ ಮುಟ್ಟುತ್ತದೆ. ಅಕ್ಟೋಬರಿನಲ್ಲಿ ಒಂದು ದಿನ ಮಾರ್ಲಿಸ್ ಬೋರ್ಡಿನ ಕಡೆ ತಿರುಗಿ, ತನ್ನಷ್ಟಕ್ಕೆ ಎಂಬಂತೆ, ‘ಈ ಸೀಮೆಸುಣ್ಣ ನನ್ನ ಗಂಡನಿಗಿಂತ ಬೇಗ ಮುರಿದುಬೀಳತ್ತೆ,’ ಎಂದಿದ್ದಳು. ಹಿಂದಿನಿಂದ ಒಂದೇ ಒಂದು ನಗು ಕೇಳಿಸಿತ್ತು. ಮೂರು ವರ್ಷ ಶಾಲೆಯಲ್ಲಿ ತುಟಿ ಬಿಚ್ಚದ ಹುಡುಗಿ ಕೂತು ಖಿಲಖಿಲ ನಗುತ್ತಿದ್ದಳು. ಆ ಸಂಜೆ ಅವಳ ತಾಯಿ ಫೋನು ಮಾಡಿ, ಮಾತೇ ಹೊರಡದೆ ಅತ್ತಿದ್ದಳು. ಮಗಳು ಮೊದಲ ಸಲ ಶಾಲೆಯಲ್ಲಿ ಏನಾಯಿತೆಂದು ಮನೆಯಲ್ಲಿ ಹೇಳಿದಳಂತೆ. ಊರಿನ ಪತ್ರಿಕೆಯಲ್ಲಿ ಮಾರ್ಲಿಸಳ ಫೋಟೋ ಬಂತು, ಕೊರಳಲ್ಲಿ ಮೈಕಿನ ಸಮೇತ. ಅದನ್ನು ಕತ್ತರಿಸಿ ಅಡುಗೆಮನೆಯ ಖಾನೆಯಲ್ಲಿ ಇಟ್ಟುಕೊಂಡಿದ್ದಾಳೆ, ಯಾರೂ ನೋಡದಾಗ ತೆಗೆದು ನೋಡುತ್ತಾಳೆ. ಆಮೇಲೆ ನವೆಂಬರ್ ಬಂತು. ನಗುವ ಹುಡುಗಿ ಕೇಳುವ ಹುಡುಗಿಯಾದಳು. ಒಂದು ಗಂಟೆಗೆ ಹತ್ತು ಸಲ ಕೈ. ಮೂರು ವರ್ಷದ ಬಾಕಿ ಪ್ರಶ್ನೆಗಳೆಲ್ಲ ತನ್ನ ತಲೆಗೇ ಬಂದು ಕೂತವಲ್ಲ, ಎಂದು ಮಾರ್ಲಿಸ್ ರಾತ್ರಿ ಗಂಡನ ಎದುರು ಗೊಣಗಿದ್ದಳು.

ಇವತ್ತು ಆ ಕೈ ಏಳಲಿಲ್ಲ. ಅರ್ಧಕ್ಕೆ ಕಾಲು ಕೂಡಿಸುವುದನ್ನು ಬೇಕೆಂದೇ ಗೊಂದಲವಾಗುವ ಹಾಗೆ ಹೇಳಿದಳು. ಯಾರಿಗಾದರೂ ಅನುಮಾನ ಬರಬೇಕು, ಕೇಳಬೇಕು. ಬೇರೆ ನಾಲ್ಕು ಕೈ ಎದ್ದವು. ಕಿಟಕಿಯ ಬಳಿಯ ಕೈ ಪುಸ್ತಕದ ಮೇಲೆ ಬೋರಲಾಗಿ ಬಿದ್ದಿತ್ತು. ಏಳು, ಏಳು, ಎಂದು ಮಾರ್ಲಿಸ್ ಒಳಗೇ ಬೇಡಿಕೊಂಡಳು. ಎದ್ದರೆ ಎಲ್ಲ ಕೆಲಸ ಬಿಟ್ಟು ಬರುತ್ತೇನೆ, ಮಂಡಿಯೂರಿ ಕೂತು ಹೇಳಿಕೊಡುತ್ತೇನೆ. ಮಾರ್ಲಿಸಳ ಅಪ್ಪ ಗಣಿಯಲ್ಲಿ ಡ್ರಿಲ್ ಹಿಡಿದು ಐವತ್ತಕ್ಕೇ ಕಿವುಡನಾಗಿದ್ದ. ಊಟದ ಮೇಜಿನಲ್ಲಿ ಅವಳೂ ಅವಳ ತಮ್ಮನೂ ಅಪ್ಪನ ಮುಂದೆಯೇ, ಮುಖದಲ್ಲಿ ನಗು ಇಟ್ಟುಕೊಂಡು, ‘ಮುದುಕ ಹಂದಿ ತರ ತಿಂತಾನೆ,’ ಎನ್ನುತ್ತಿದ್ದರು. ಅಪ್ಪ ಇವರ ನಗು ನೋಡಿ ತಾನೂ ನಗುತ್ತಿದ್ದ, ತಲೆಯಾಡಿಸುತ್ತಿದ್ದ, ಆಲೂಗೆಡ್ಡೆಯ ಬಟ್ಟಲನ್ನು ಇವರ ಕಡೆ ತಳ್ಳುತ್ತಿದ್ದ. ಅಮ್ಮ ಒಲೆಯ ಕಡೆ ಮುಖ ಮಾಡಿ ನಿಂತಿರುತ್ತಿದ್ದಳು. ಅಪ್ಪ ಸತ್ತು ಇಪ್ಪತ್ತು ವರ್ಷವಾದ ಮೇಲೆ ಇವತ್ತು, ಭಿನ್ನರಾಶಿಯ ಮಧ್ಯೆ, ಅವಳಿಗೆ ಮೊದಲ ಸಲ ಒಂದು ಸಂಶಯ ಬಂತು. ಕಿವಿ ಪೂರ್ತಿ ಹೋಗಿರಲಿಲ್ಲವೇನೋ, ಮಕ್ಕಳ ದನಿ ಒಂದಿಷ್ಟು ಉಳಿದಿತ್ತೇನೋ. ಎಲ್ಲ ಕೇಳಿಸುತ್ತಿತ್ತೇನೋ. ಸೀಮೆಸುಣ್ಣ ಕೈಯಲ್ಲೇ ಉಳಿಯಿತು. ‘ಟೀಚರ್, ಆಮೇಲೆ?’ ಎಂದಿತು ಮುಂದಿನ ಬೆಂಚಿನ ಹುಡುಗಿ.

ಮಕ್ಕಳಿಗೆ ಬರೆಯಲು ಲೆಕ್ಕ ಕೊಟ್ಟು ಬೋರ್ಡಿಗೆ ಮುಖ ಮಾಡಿ ನಿಂತಳು. ಆಗ ತಲೆಗೆ ಬಂತು: ಈ ಹಾಳು ಯಂತ್ರ ಒಂದು ಕೆಲಸಕ್ಕಾದರೂ ಒದಗೀತು. ಗುಟ್ಟಾಗಿ ಹೇಳಿದರೆ ಇಡೀ ಕೋಣೆಯಲ್ಲಿ ಒಬ್ಬಳಿಗೇ ಕೇಳಿಸುತ್ತದೆ. ಇಪ್ಪತ್ತೈದು ಮಕ್ಕಳ ಮಧ್ಯೆ, ಯಾರಿಗೂ ತಿಳಿಯದಂತೆ, ಕ್ಷಮೆ ಕೇಳಬಹುದು. ಮೈಕನ್ನು ತುಟಿಯ ಹತ್ತಿರ ತಂದಳು. ‘ಐಲಿ,’ ಎಂದಳು, ಉಸಿರಿನಷ್ಟು ಮೆಲ್ಲಗೆ. ತಿರುಗಿ ನೋಡಿದಳು. ಐಲಿ ತಲೆ ಎತ್ತಿದ್ದಳು. ತಿಳಿನೀಲಿ ಕಣ್ಣು ರೆಪ್ಪೆ ಬಡಿಯದೆ ಕಾಯುತ್ತಿತ್ತು. ಹೇಳಬೇಕಾದದ್ದು ನಾಲ್ಕೇ ಮಾತು. ‘ಐಲಿ, ನಿನ್ನ ಪೆನ್ಸಿಲ್ ಕೆಳಗೆ ಬಿದ್ದಿದೆ ನೋಡು,’ ಎಂದಳು. ಪೆನ್ಸಿಲ್ ಎಲ್ಲೂ ಬಿದ್ದಿರಲಿಲ್ಲ, ಹುಡುಗಿಯ ಕೈಯಲ್ಲೇ ಇತ್ತು. ಐಲಿ ಅದನ್ನೊಮ್ಮೆ ನೋಡಿದಳು, ಟೀಚರನ್ನು ನೋಡಿದಳು, ಆಮೇಲೆ ವಿಧೇಯಳಾಗಿ ಬೆಂಚಿನ ಕೆಳಗೆ ನುಸುಳಿ ಹುಡುಕತೊಡಗಿದಳು. ಬಹಳ ಹೊತ್ತು ಹುಡುಕಿದಳು. ಮಾರ್ಲಿಸ್ ಬೋರ್ಡಿಗೆ ತಿರುಗಿ, ಬರೆದಿದ್ದನ್ನೇ ಒರೆಸಿ ಮತ್ತೆ ಬರೆದಳು.

ಒಂದೂವರೆಗೆ ಬೆಲಾಂಜೆ ಬಾಗಿಲಲ್ಲಿ ಕಾಣಿಸಿಕೊಂಡ. ತೆಳ್ಳಗಿನ ಮನುಷ್ಯ, ಮಂಜಿನ ಬೂಟು ಹಾಕಿದಾಗಲೂ ಟೈ ಕಟ್ಟಿಕೊಳ್ಳುವಂಥವನು, ತಿಂಗಳಿಗೊಮ್ಮೆ ಪೆಟ್ಟಿಗೆ ಹಿಡಿದು ಬರುತ್ತಾನೆ. ‘ಅರ್ಧ ಗಂಟೆ ಐಲೀನ ಕರ್ಕೊಂಡು ಹೋಗ್ಲಾ ಮೇಡಂ? ಮೀಟಿಂಗಿಗೆ ಇವತ್ತಿನ ಅಂಕ ಬೇಕು.’ ಹುಡುಗಿ ಅವನ ಹಿಂದೆ ಹೋದಳು, ತಿರುಗಿ ನೋಡಲಿಲ್ಲ. ಆ ಅರ್ಧ ಗಂಟೆಯಲ್ಲಿ ಮಾರ್ಲಿಸ್ ಏನು ಪಾಠ ಮಾಡಿದಳೋ ಅವಳಿಗೆ ಗೊತ್ತಿಲ್ಲ. ಹೇಳುತ್ತಿದ್ದಾಳೆ. ಐಲಿ ಈಗ ಅವನಿಗೆ ಹೇಳುತ್ತಿದ್ದಾಳೆ. ಅವನು ಬರೆದುಕೊಳ್ಳುತ್ತಿದ್ದಾನೆ. ಪ್ರಿನ್ಸಿಪಾಲರ ಕೋಣೆ, ಆಮೇಲೆ ಜಿಲ್ಲೆ, ಆಮೇಲೆ ಅದೇ ಪತ್ರಿಕೆ, ಅದೇ ಫೋಟೋ. ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಹಿಂದೆ ನಿಂತವರು ಪಿಸುಗುಟ್ಟುವುದು. ನಿವೃತ್ತಿಗೆ ಇನ್ನು ಮೂರೇ ವರ್ಷ. ಆಗ, ಇದೆಲ್ಲದರ ತಳದಿಂದ, ಇನ್ನೊಂದು ಯೋಚನೆ ಮೆಲ್ಲಗೆ ಮೇಲೆ ಬಂತು. ಮೈಕು ಏನನ್ನೂ ಉಳಿಸಿಕೊಳ್ಳುವುದಿಲ್ಲ. ದಾಖಲೆ ಇಲ್ಲ. ಜೊತೆಗೆ ನಕ್ಕವರು ಬಾಯಿ ಬಿಡುವುದಿಲ್ಲ. ಆಡಿದ್ದಕ್ಕೆ ಸಾಕ್ಷಿ ಎಂದರೆ ಆ ಮಗು. ಆ ಮಗುವಿನ ಕಿವಿ ಸರಿಯಿಲ್ಲ ಎಂಬುದಕ್ಕೆ ಅಲಮಾರಿ ತುಂಬ ದಾಖಲೆ ಇದೆ. ‘ಪಾಪ, ಅವಳಿಗೆ ತಪ್ಪಾಗಿ ಕೇಳಿಸಿದೆ,’ ಎಂದರಾಯಿತು. ಅಷ್ಟೇ ಸಾಕು. ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಮಧ್ಯಾಹ್ನದಿಂದ ಪಟ್ಟ ಭಯವೆಲ್ಲ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ತನಗೆ ತಾನೇ ಹೆದರಿ ಅವಳು ಮೇಜಿನ ಅಂಚು ಹಿಡಿದುಕೊಂಡಳು.

ಮೂರೂಕಾಲಿಗೆ ಮೀಟಿಂಗ್. ಪ್ರಿನ್ಸಿಪಾಲ್ ವುಕೆಲಿಚ್ ಒಂದು ತಟ್ಟೆ ಬಿಸ್ಕತ್ತು ತಂದಿಟ್ಟಿದ್ದರು, ಕಷ್ಟದ ಮೀಟಿಂಗಿಗೆಲ್ಲ ತರುವಂಥದ್ದು. ಐಲಿಯ ತಾಯಿ ಕ್ರಿಸ್ಟಾ ವೃದ್ಧಾಶ್ರಮದ ಅಡುಗೆ ಕೆಲಸದಿಂದ ನೇರ ಬಂದಿದ್ದಳು. ಕೋಟು ಬಿಚ್ಚಲಿಲ್ಲ, ತಲೆಯ ಜಾಲರಿ ತೆಗೆಯುವುದನ್ನೂ ಮರೆತಿದ್ದಳು. ಮಗಳೂ ಇರಬೇಕೆಂದು ಹಟ ಹಿಡಿದವಳು ಅವಳೇ. ‘ಅವಳ ವಿಷ್ಯ ಅವಳ ಹಿಂದೆ ಮಾತಾಡೋದು ಬೇಡ,’ ಎಂದಿದ್ದಳಂತೆ. ಮಾರ್ಲಿಸಳ ಕೈ ಹಿಡಿದು, ‘ನೀವಿದ್ದೀರಿ ಅನ್ನೋದೇ ಧೈರ್ಯ,’ ಎಂದಳು. ಅವಳ ಕೈಯಲ್ಲಿ ಈರುಳ್ಳಿಯ ವಾಸನೆ ಇತ್ತು.

ಬೆಲಾಂಜೆ ಕಾಗದ ತೆಗೆದ. ತುಟಿ ಕಾಣದಂತೆ ಬಾಯಿಗೆ ಬಟ್ಟೆ ಅಡ್ಡ ಹಿಡಿದು ಅವನು ಹೇಳುವ ಐವತ್ತು ಪದಗಳನ್ನು ಮಗು ಕೇಳಿ ತಿರುಗಿ ಹೇಳಬೇಕು. ನವೆಂಬರಿನಲ್ಲಿ ನೂರಕ್ಕೆ ಎಪ್ಪತ್ತೆರಡು ಬಂದಿತ್ತು. ಇವತ್ತು ನಲವತ್ತು. ‘ಅರ್ಧಕ್ಕೆ ಉತ್ತರಾನೇ ಕೊಡಲಿಲ್ಲ. ಯಂತ್ರ ಸರಿಯಾಗೇ ಇದೆ, ಎರಡು ಸಲ ನೋಡ್ದೆ. ಯಾಕೆ ಹೀಗಾಯ್ತೋ ಗೊತ್ತಾಗ್ತಿಲ್ಲ.’ ಗೊತ್ತಿದ್ದವಳು ಬಿಸ್ಕತ್ತಿನ ತಟ್ಟೆಯನ್ನು ನೋಡುತ್ತ ಕೂತಿದ್ದಳು.

‘ಐಲಿ ಪುಟ್ಟಾ, ನೀನು ಹೇಳು,’ ಎಂದರು ವುಕೆಲಿಚ್, ತುಟಿಯನ್ನು ಅಗಲವಾಗಿ ಆಡಿಸುತ್ತ. ‘ನಿಂಗೆ ಇಲ್ಲೇ ಇರಬೇಕು ಅಂತ ಆಸೆ ಇದ್ಯಾ?’

‘ಇದೆ,’ ಎಂದಳು ಐಲಿ. ಸ್ವಲ್ಪ ಯೋಚಿಸಿದಳು. ‘ಆದ್ರೆ ನಾನು ಹೋದ್ರೆ ಮಿಸೆಸ್ ಕೋಸ್ಕೆಲಾ ಉಸಿರಾಡ್ತಾರೆ.’

ದೂರಿನ ದನಿಯಲ್ಲಿ ಹೇಳಲಿಲ್ಲ. ಯಾರಿಗೋ ಹುಷಾರಿಲ್ಲ ಎಂದು ಹೇಳುವ ಹಾಗೆ ಹೇಳಿದಳು. ಕ್ರಿಸ್ಟಾ ಮಗಳ ಕಡೆ ಬಗ್ಗಿದಳು. ‘ಏನಂದೆ ಚಿನ್ನ?’

‘ಅವರೇ ಹೇಳಿದ್ರು. ಊಟದ ಹೊತ್ತಲ್ಲಿ.’

‘ಊಟದ ಹೊತ್ತಲ್ಲಿ ನೀನು ತರಗತೀಲಿದ್ದೆ, ಅವರು ಅವರ ಕೋಣೇಲಿದ್ರು ಕಂದಾ,’ ಎಂದು ವುಕೆಲಿಚ್ ನಕ್ಕರು, ಮೃದುವಾಗಿ. ‘ಏನೋ ತಪ್ಪಾಗಿ ಕೇಳಿಸಿರಬೇಕು. ಅಲ್ವಾ ಮಾರ್ಲಿಸ್?’

ಅವಳೇ ಹೆಣೆದಿಟ್ಟಿದ್ದ ಮಾತನ್ನು ಬೇರೊಬ್ಬರು ತೆಗೆದು ಅವಳ ಕೈಗೆ ಕೊಟ್ಟಿದ್ದರು. ಅವಳು ಹೂಂ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಎದೆ ಹೊಡೆದುಕೊಳ್ಳುವ ಸದ್ದು ಕೊರಳ ಮೈಕಿಗೆ ಕೇಳಿಸೀತೆಂದು ಅದನ್ನು ಅಂಗೈಯಲ್ಲಿ ಮುಚ್ಚಿದಳು. ಐಲಿ ಅವಳ ಮುಖವನ್ನೇ ನೋಡುತ್ತಿದ್ದಳು. ಹುಟ್ಟಿದಂದಿನಿಂದ ಕಿವಿಯ ಕೆಲಸವನ್ನು ಕಣ್ಣಿನಲ್ಲಿ ಮಾಡಿದ ಮಗು. ದೊಡ್ಡವರ ಮುಖ ಯಾವಾಗ ಬಿಳಿಚಿಕೊಳ್ಳುತ್ತದೆ, ಯಾವಾಗ ಬೇಡಿಕೊಳ್ಳುತ್ತದೆ, ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೋಡಿದಳು, ಓದಿದಳು, ಆಮೇಲೆ ಕಣ್ಣು ತಗ್ಗಿಸಿದಳು.

‘ಹೂಂ,’ ಎಂದಳು. ‘ನಂಗೆ ತಪ್ಪಾಗಿ ಕೇಳಿಸ್ತು.’

ಎಲ್ಲರೂ ಉಸಿರು ಬಿಟ್ಟರು. ಕ್ರಿಸ್ಟಾ ಎದೆಗೆ ಕೈ ಇಟ್ಟು ನಕ್ಕಳು, ‘ಅಯ್ಯೋ, ನನ್ನ ಜೀವಾನೇ ಹೋಗಿತ್ತು,’ ಎಂದಳು. ಮಾರ್ಲಿಸಳ ಮೈಯೂ ಸಡಿಲವಾಯಿತು, ಬೆನ್ನು ಕುರ್ಚಿಗೆ ಒರಗಿತು, ಒಳಗೆ ಏನೋ ಬೆಚ್ಚಗೆ ಹರಡಿತು. ನಾಚಿಕೆ ಬಂದದ್ದು ಆಮೇಲೆ. ಮೊದಲು ಬಂದದ್ದು ಸುಖ. ಒಂಬತ್ತು ವರ್ಷದ ಹುಡುಗಿಯ ಬೆನ್ನಿನ ಹಿಂದೆ ಬಚ್ಚಿಟ್ಟುಕೊಂಡ ಸುಖ.

ಬೆಲಾಂಜೆ ಮಾತ್ರ ನಗಲಿಲ್ಲ. ‘ಐಲಿ, ಹೀಗೆ ಯಾರೂ ಹೇಳದೆ ಇರೋ ಮಾತು ನಿಂಗೆ ಎಷ್ಟು ಸಲ ಕೇಳಿಸತ್ತೆ?’

ಐಲಿ ಟೀಚರ ಕಡೆ ಒಮ್ಮೆ ನೋಡಿದಳು. ಒಂದು ಸುಳ್ಳು ಹೇಳಿಯಾಗಿತ್ತು, ಅದು ಬೀಳದಂತೆ ನೋಡಿಕೊಳ್ಳಬೇಕಿತ್ತು. ‘ತುಂಬಾ ಸಲ,’ ಎಂದಳು.

‘ಹಾಗಿದ್ರೆ,’ ಎಂದು ಅವನು ಪೆನ್ನಿನ ಮುಚ್ಚಳ ತೆಗೆದ, ‘ಅಂಕ ಬಿದ್ದಿರೋದಕ್ಕೂ ಇದಕ್ಕೂ ಹೊಂದತ್ತೆ. ಈ ಯಂತ್ರದಿಂದ ಮಗೂಗೆ ಪ್ರಯೋಜನ ಆಗ್ತಿಲ್ಲ, ಗೊಂದಲ ಆಗ್ತಿದೆ ಅಂತ ನಾನು ಬರೀಲೇಬೇಕಾಗತ್ತೆ. ಹಾಗೆ ಬರೆದ್ರೆ ಆ ಶಾಲೆ ಬಿಟ್ಟು ಬೇರೆ ದಾರಿ ಇಲ್ಲ.’ ಆ ಶಾಲೆ ಐದೂವರೆ ಗಂಟೆಯ ದಾರಿ. ವಾರವೆಲ್ಲ ಅಲ್ಲೇ ಮಲಗಬೇಕು, ಶುಕ್ರವಾರ ಬಸ್ಸಿನಲ್ಲಿ ಮನೆಗೆ, ಭಾನುವಾರ ವಾಪಸು. ಕ್ರಿಸ್ಟಾಳ ನಗು ಮುಖದ ಮೇಲೆ ಹಾಗೆಯೇ ನಿಂತಿತ್ತು, ಅವಳಿಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ. ಅರ್ಥವಾಗುತ್ತ ಬಂದಂತೆ ಅದು ತುಟಿಯ ಒಂದು ಮೂಲೆಯಿಂದ ಕುಸಿಯಿತು. ಪೆನ್ನು ಕಾಗದ ಮುಟ್ಟಿತು.

‘ಅವಳು ಸರಿಯಾಗೇ ಕೇಳಿಸ್ಕೊಂಡಿದಾಳೆ,’ ಎಂದಳು ಮಾರ್ಲಿಸ್.

‘ಮೈಕು ಆಫ್ ಮಾಡೋದು ಮರೆತಿದ್ದೆ. ನಾನು ಹಾಗೆ ಹೇಳಿದ್ದೆ.’

ಹೇಳಿಬಿಟ್ಟರೆ ಮುಗಿಯುತ್ತದೆ, ಭೂಮಿ ಬಿರಿಯುತ್ತದೆ ಎಂದುಕೊಂಡಿದ್ದಳು. ವುಕೆಲಿಚ್ ಅವಳ ತೋಳು ಸವರಿದರು. ಅವರ ಕಣ್ಣು ತೇವವಾಗಿತ್ತು. ‘ಮಾರ್ಲಿಸ್, ನಿನ್ನ ಮನಸ್ಸು ನಂಗೆ ಗೊತ್ತಮ್ಮಾ. ಆ ಮಗೂನ ಉಳಿಸ್ಕೊಳ್ಳೋಕೆ ಇಲ್ಲದ್ದನ್ನೆಲ್ಲ ಮೈಮೇಲೆ ಹಾಕ್ಕೋಬೇಡ.’ ಕ್ರಿಸ್ಟಾ ಕೂಡ ತಲೆಯಾಡಿಸಿದಳು, ಕೃತಜ್ಞತೆಯಿಂದ. ಮಾರ್ಲಿಸ್ ಅವರಿಬ್ಬರನ್ನೂ ನೋಡಿದಳು. ನಂಬುತ್ತಿಲ್ಲ. ಪತ್ರಿಕೆಯ ಆ ಫೋಟೋದ ಹೆಂಗಸನ್ನು ನೋಡುತ್ತಿದ್ದಾರೆ, ಅವಳು ಕರುಣೆಯಿಂದ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡಿದ್ದಾರೆ. ಇಲ್ಲಿಯೂ ಸುಮ್ಮನಿದ್ದುಬಿಡಬಹುದಿತ್ತು. ಪ್ರಯತ್ನಪಟ್ಟೆ, ಯಾರೂ ನಂಬಲಿಲ್ಲ ಎಂದು ಜೀವನವಿಡೀ ಹೇಳಿಕೊಳ್ಳಬಹುದಿತ್ತು.

‘ನಿಜವಾಗಿ ಹೇಳಿದ್ದೆ,’ ಎಂದಳು. ‘ಇನ್ನೂ ಹೇಳಿದ್ದೆ.’

ಬೆಲಾಂಜೆ ಪೆನ್ನು ಕೆಳಗಿಟ್ಟ. ಅವನು ಕೆಟ್ಟವನಲ್ಲ, ಅಳತೆಯ ಮನುಷ್ಯ. ‘ಹಾಗಾದ್ರೆ ಗೊತ್ತುಮಾಡೋದು ಕಷ್ಟ ಅಲ್ಲ,’ ಎಂದ. ‘ನೀವು ಏನು ಹೇಳಿದ್ರಿ ನೀವು ಬರೀರಿ. ಅವಳಿಗೆ ಏನು ಕೇಳಿಸ್ತು ಅವಳು ಬರೀಲಿ. ಎರಡೂ ಹೊಂದಿದ್ರೆ ನಾನು ಬೇರೆ ವರದಿ ಕೊಡ್ತೀನಿ.’ ‘ಮಗೂ ಎದುರಿಗೆ ಇದೆಲ್ಲ ಯಾಕೆ,’ ಎಂದು ವುಕೆಲಿಚ್ ಶುರುಮಾಡಿದರು. ಕ್ರಿಸ್ಟಾ ತಲೆಯ ಜಾಲರಿಯನ್ನು ಎಳೆದು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದಿದ್ದಳು. ಅವಳ ದನಿ ಬದಲಾಗಿತ್ತು. ‘ಬರೀಲಿ,’ ಎಂದಳು.

ಎರಡು ಹಾಳೆ, ಎರಡು ಪೆನ್ಸಿಲ್. ಐಲಿ ಟೀಚರ ಮುಖ ನೋಡಿದಳು. ‘ನಿಜಾನೇ ಬರಿ,’ ಎಂದಳು ಮಾರ್ಲಿಸ್. ಹುಡುಗಿ ಪಕ್ಕದವರು ಕಾಪಿ ಹೊಡೆಯಬಾರದೆಂದು ಎಡಗೈಯನ್ನು ಹಾಳೆಗೆ ಅಡ್ಡವಿಟ್ಟು, ನಾಲಿಗೆಯನ್ನು ತುಟಿಯ ಮೂಲೆಗೆ ತಂದು, ಬರೆಯತೊಡಗಿದಳು. ಒಂದೇ ಸಮನೆ ಬರೆದಳು, ಎಲ್ಲೂ ನಿಲ್ಲಲಿಲ್ಲ. ಮಾರ್ಲಿಸ್ ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ತಿದ್ದಿಸಿದ ದುಂಡು ಅಕ್ಷರಗಳಲ್ಲಿ ಬರೆದಳು. ಆ ಹುಡುಗಿ ಹೋದರೆ ನಾನು ಉಸಿರಾಡುತ್ತೇನೆ. ಅವಳು ಕೈ ಎತ್ತಿದರೂ ಕಾಣದ ಹಾಗೆ ಇದ್ದುಬಿಡುತ್ತೇನೆ. ಅಲ್ಲಿಗೆ ಪೆನ್ಸಿಲ್ ನಿಂತಿತು. ಇಷ್ಟೇ ಸಾಕು ಎಂದಿತು ಮನಸ್ಸು. ಇಷ್ಟನ್ನು ಜನ ಕ್ಷಮಿಸಬಹುದು, ದಣಿದವಳು, ಬಾಯಿತಪ್ಪಿ ಬಂತು ಎನ್ನಬಹುದು. ಆದರೆ ಉಳಿದದ್ದನ್ನು ಅವಳು ಬಿಟ್ಟರೆ, ಅದು ಆ ಕಡೆಯ ಹಾಳೆಯಲ್ಲಿ ಯಾರೂ ಆಡದ ಮಾತಾಗಿ ಉಳಿಯುತ್ತದೆ. ಹುಡುಗಿಯ ತಪ್ಪಾಗುತ್ತದೆ. ಪೆನ್ಸಿಲನ್ನು ಒತ್ತಿ ಹಿಡಿದು ಬರೆದಳು: ಆಮೇಲೆ ನಾನು ಐಲಿಯ ಹಾಗೆ ಮಾತಾಡಿ ತೋರಿಸಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಬೆಲಾಂಜೆ ಎರಡು ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟು ಪೆನ್ನಿನ ತುದಿಯಲ್ಲಿ ಸಾಲು ಸಾಲಾಗಿ ಗುರುತು ಹಾಕುತ್ತ ಬಂದ, ಅಭ್ಯಾಸಬಲದಿಂದ. ಮೂರನೆಯ ಸಾಲಿಗೆ ಬಂದಾಗ ಅವನ ಕಿವಿ ಕೆಂಪಗಾಯಿತು. ಕೊನೆಗೆ ಚಮಚದ ಸದ್ದು ಎಂದೂ ಐಲಿ ಬರೆದಿದ್ದಳು. ‘ಹೌದಾ?’ ಎಂಬಂತೆ ಅವನು ಮಾರ್ಲಿಸಳ ಕಡೆ ನೋಡಿದ. ಅವಳು ತಲೆಯಾಡಿಸಿದಳು.

‘ಗೋಡೆಯಾಚೆಯಿಂದ,’ ಎಂದ ಅವನು, ಯಾರಿಗೆಂದಿಲ್ಲದೆ. ‘ಒಂದೂ ಬಿಟ್ಟಿಲ್ಲ.’ ನಲವತ್ತು ಎಂದು ಬರೆದಿದ್ದ ಕಾಗದವನ್ನು ಎರಡಾಗಿ ಮಡಚಿ ಪೆಟ್ಟಿಗೆಗೆ ಹಾಕಿದ. ‘ಯಂತ್ರ ಚೆನ್ನಾಗಿ ಕೆಲಸ ಮಾಡ್ತಿದೆ. ಹುಡುಗಿ ಇಲ್ಲೇ ಇರಬಹುದು. ನಾನು ಹಾಗೇ ಬರೀತೀನಿ.’

ವುಕೆಲಿಚ್ ಮಾರ್ಲಿಸಳ ತೋಳಿನ ಮೇಲಿದ್ದ ಕೈಯನ್ನು ಯಾವಾಗಲೋ ತೆಗೆದಿದ್ದರು. ಐಲಿ ಇಲ್ಲೇ ಇರುತ್ತಾಳೆ. ನಾಳೆ ಬೆಳಿಗ್ಗೆ ಎಂಟಕ್ಕೆ ಬಂದು ಕಿಟಕಿಯ ಬಳಿ ಕೂರುತ್ತಾಳೆ, ನಾಡಿದ್ದು, ಜೂನ್‌ವರೆಗೆ ಪ್ರತಿದಿನ.

‘ನಂಗೆ ಎಷ್ಟು ಬಂತು?’ ಎಂದಳು ಐಲಿ.

ಬೆಲಾಂಜೆ ಪೆಟ್ಟಿಗೆಯ ಬೀಗ ಹಾಕುವುದರಲ್ಲಿ ಮಗ್ನನಾದವನಂತೆ ಇದ್ದ.

‘ಎಷ್ಟು ಬಂತು? ಹೇಳಿ.’

‘ನೂರಕ್ಕೆ ನೂರು,’ ಎಂದ ಅವನು.

ಐಲಿಯ ಮುಖ ಅರಳಿತು. ಈ ಪರೀಕ್ಷೆಯಲ್ಲಿ ಅವಳಿಗೆ ಜನ್ಮದಲ್ಲಿ ನೂರು ಬಂದಿರಲಿಲ್ಲ. ಕುರ್ಚಿಯಿಂದ ಇಳಿದು, ತನ್ನ ಹಾಳೆಯನ್ನು ಎತ್ತಿಕೊಂಡು ತಾಯಿಯ ಹತ್ತಿರ ಓಡಿದಳು. ‘ಅಮ್ಮಾ, ನೂರಂತೆ! ಫ್ರಿಜ್ ಮೇಲೆ ಅಂಟಿಸೋಣ್ವಾ?’

ಕ್ರಿಸ್ಟಾ ಹಾಳೆಯನ್ನು ತೆಗೆದುಕೊಂಡು ಓದಿದಳು. ನಿಧಾನವಾಗಿ, ಕೊನೆಯವರೆಗೆ, ಚಮಚದವರೆಗೆ ಓದಿದಳು. ಮಗಳ ಬಿಳಿಗೂದಲಿನ ಮೇಲೆ ಕೈ ಇಟ್ಟಳು, ಆದರೆ ನೋಡಿದ್ದು ಮಗಳನ್ನಲ್ಲ.

‘ಅಂಟಿಸೋಣ ಚಿನ್ನ,’ ಎಂದಳು, ಮಾರ್ಲಿಸಳ ಮೇಲಿಟ್ಟ ಕಣ್ಣು ಕೀಳದೆ. ‘ಟೀಚರ್ ಬರೆದಿದ್ದನ್ನೂ ಕೊಡಿ. ಎರಡೂ ಒಟ್ಟಿಗೆ ಇರ್ಲಿ.’

ಅವಳು ಕೈ ಚಾಚಿದಳು. ಮಾರ್ಲಿಸ್ ಹಾಳೆಯನ್ನು ಎತ್ತಿ ಕೊಟ್ಟಳು.